ಗುಪ್ತ ವರದಿಯಿಂದ ಗುಣಾಂಕಕ್ಕೆ

ನೌಕರನ ದುಡಿಮೆಯನ್ನು ಅಳೆಯುವ ಕೋಲನ್ನು ಸರಕಾರವು ಬದಲಿಸಿದಾಗಲೆಲ್ಲ ನೌಕರವರ್ಗದಲ್ಲಿ ಅಸಮಾಧಾನವೇಳುವುದುಂಟು. ಅದನ್ನು ಸೋಮಾರಿಗಳ ಗೊಣಗಾಟವೆಂದು ತಳ್ಳಿಹಾಕುವವರು ಹಿಂದಿನ ಸಂಗತಿಗಳನ್ನು ಒಮ್ಮೆ ನೋಡುವುದು ಒಳಿತು.

ಗಡಿರಸ್ತೆಗಳ ಇಲಾಖೆಯ ಎಂಜಿನಿಯರ್ ದೇವದತ್ತರಿಗೆ 1993-94ರ ಗುಪ್ತ ವರದಿಯಲ್ಲಿ 'ಉತ್ತಮ' ಎಂಬ ಷರಾ ಬಿದ್ದಿತ್ತು. ಕೇಳುವುದಕ್ಕೆ ಹೊಗಳಿಕೆಯೇ ಸರಿ. ಆದರೆ ಬಡತಿಗೆ ಬೇಕಾಗಿದ್ದುದು 'ಬಹು ಉತ್ತಮ'. ಷರಾವನ್ನು ಅವರಿಗೆ ತಿಳಿಸಲೇ ಇಲ್ಲ. ಕಿರಿಯರು ಮುಂದೆ ಹೋದರು. ಪ್ರತಿಯೊಂದು ಷರಾವನ್ನೂ ನೌಕರನಿಗೆ ತಿಳಿಸತಕ್ಕದ್ದೆಂದು ಸರ್ವೋಚ್ಚ ನ್ಯಾಯಾಲಯವು 2008ರ ಮೇ ತಿಂಗಳಲ್ಲಿ ತೀರ್ಪಿತ್ತಿತು. ಮರುವರ್ಷ ಕೇಂದ್ರ ಸರಕಾರವು ಇಡೀ ವರದಿಯನ್ನು ನೌಕರನಿಗೆ ತೋರಿಸಿ, ಆಕ್ಷೇಪಕ್ಕೆ 15 ದಿನಗಳ ಅವಕಾಶವನ್ನು ಕೊಡಬೇಕೆಂದು ಆಜ್ಞಾಪಿಸಿತು. ಗುಣವನ್ನು 10ರೊಳಗಿನ ಅಂಕದಲ್ಲಿ ಹೇಳುವ ಪದ್ಧತಿಯೂ ಬಂದಿತು.

ಗುಟ್ಟು ಹೋಯಿತು; ಭಯ ಹೋಗಲಿಲ್ಲ. ಬಡತಿಯಿಲ್ಲದವರಿಗೆ 10, 20, 30 ವರ್ಷಗಳ ಸೇವೆಗೆ ದೊರೆಯುವ ವೇತನೋನ್ನತಿಗೆ, ಕೆಳದರ್ಜೆಯವರೂ 'ಬಹು ಉತ್ತಮ'ರೇ ಆಗಿರಬೇಕೆಂದು, ಏಳನೆಯ ವೇತನ ಆಯೋಗದ ಶಿಫಾರಸಿನ ಮೇರೆಗೆ, 2016ರ ಜುಲೈಯಲ್ಲಿ ಗೊತ್ತಾಯಿತು. ನೌಕರರ ಸಂಘಗಳು ವಿರೋಧಿಸಿದವು. 6 ಅಂಕ ಬಂದರೆ 'ಬಹು ಉತ್ತಮ'. ಕೂದಲೆಳೆಯಷ್ಟು ಕಡಿಮೆಯಾದರೆ ಬರಿಯ 'ಉತ್ತಮ'. ಆ ಕೂದಲೆಳೆಯ ಮೇಲೆ ಒಂದು ಸಂಸಾರದ ಲೆಕ್ಕಾಚಾರವು ನಿಂತಿರುತ್ತದೆ.

ಬಾಳೆಗುಳಿಯಲ್ಲಿ ಹುಬ್ಬಳ್ಳಿಯ ದಾರಿಯು ಕರಾವಳಿಯ ಹೆದ್ದಾರಿಯನ್ನು ಕೂಡುವಲ್ಲಿ ನಿಂತು ಯೋಚಿಸಿರಿ. ಉತ್ತರಕ್ಕೆ ಕಾರವಾರದ ನೌಕಾನೆಲೆಯಲ್ಲಿ ಹಡಗು ರಿಪೇರಿ ಮಾಡುವ ಕುಶಲಕರ್ಮಿ. ಇತ್ತ ಅಂಕೋಲೆಯ ಅಂಚೆಕಚೇರಿಯಲ್ಲಿ ಜನರ ಸಾಲಿಗೆ ಉತ್ತರ ಹೇಳುವ ಗುಮಾಸ್ತ. ಒಬ್ಬನ ಕೆಲಸ ಯಂತ್ರದಲ್ಲಿ ಕಾಣುತ್ತದೆ, ಇನ್ನೊಬ್ಬನದು ಜನರ ಸಮಾಧಾನದಲ್ಲಿ. ಇಬ್ಬರನ್ನೂ ಅಂಕಕ್ಕಿಳಿಸುವುದು ಕೊನೆಗೆ ಮೇಲಧಿಕಾರಿಯ ಮನಸ್ಸೇ. ಅಂಕವು ಅಂಕಿಯಾದ ಮಾತ್ರಕ್ಕೆ ನಿಷ್ಪಕ್ಷಪಾತವಾಗಲಾರದು.

ಜನರ ತೆರಿಗೆಯಿಂದ ಸಂಬಳ ಪಡೆಯುವವನು ಪರೀಕ್ಷೆಗೆ ಒಳಗಾಗಲೇಬೇಕು. ಇದರಲ್ಲಿ ಎರಡು ಮಾತಿಲ್ಲ. ತಕರಾರಿಗೆ ಅಂಜಿ ಎಲ್ಲರಿಗೂ 8 ಅಂಕ ಹಂಚುವ ಅಧಿಕಾರಿಯು ನಿಜವಾಗಿ ದುಡಿಯುವವನಿಗೇ ದ್ರೋಹ ಬಗೆಯುತ್ತಾನೆ. ಆದರೆ ವರ್ಷಾರಂಭದಲ್ಲಿಯೇ ಕೆಲಸವನ್ನು ಗೊತ್ತುಪಡಿಸಿ, ಕುಂದು ಕಂಡಾಗಲೇ ತಿಳಿಸಿ, ಅಂಕದ ಪಕ್ಕದಲ್ಲಿ ಕಾರಣವನ್ನು ಬರೆಯುವ ಹೊಣೆ ಅಧಿಕಾರಿಯದು. ಅಳೆಯುವವನ ಕೈ ನಡುಗದೆ, ವಾಲದೆ ಇದ್ದರೆ ಅಳತೆಯ ಕೋಲಿಗೆ ನೌಕರನು ಹೆದರಬೇಕಾಗಿಲ್ಲ.