ಬೊಜ್ಜಿನ ಶಸ್ತ್ರಚಿಕಿತ್ಸೆ: ಆಸ್ಪತ್ರೆಗೆ ಹೊರಡುವ ಮುನ್ನ ಮನೆ ಸಿದ್ಧವಾಗಲಿ

ಬೊಜ್ಜು ಇಳಿಸಲು ಶಸ್ತ್ರಚಿಕಿತ್ಸೆ ಎಂದರೆ ಅದು ಶ್ರೀಮಂತರ ಶೋಕಿ ಎಂದು ಭಾವಿಸುವವರು ಈಗಲೂ ಇದ್ದಾರೆ. ಆದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮಂಡಿನೋವು, ನಿದ್ದೆಯಲ್ಲಿ ಉಸಿರುಕಟ್ಟುವಿಕೆ ಮುಂತಾದ ತೊಂದರೆಗಳಿಂದ ಬಳಲಿ, ಪಥ್ಯದಿಂದಲೂ ವ್ಯಾಯಾಮದಿಂದಲೂ ಫಲ ಕಾಣದ ಸಾಮಾನ್ಯ ಗೃಹಿಣಿಯರಿಗೂ ಇಂದು ವೈದ್ಯರು ಇದನ್ನು ಸೂಚಿಸುತ್ತಿದ್ದಾರೆ. ಆಸ್ಪತ್ರೆಯಲ್ಲಿರಬೇಕಾದುದು ಸಾಮಾನ್ಯವಾಗಿ ಎರಡು ಮೂರು ದಿನ ಮಾತ್ರ. ಉಳಿದ ಚೇತರಿಕೆಯೆಲ್ಲ ಮನೆಯಲ್ಲೇ ಆಗಬೇಕು.

ನಮ್ಮ ಮನೆಗಳಲ್ಲಿ ಕಷ್ಟ ಆರಂಭವಾಗುವುದೇ ಅಲ್ಲಿ. ಗಂಡಸರಿಗೆ ಆಪರೇಷನ್ ಆದರೆ ಆರೈಕೆಗೆ ಹೆಂಡತಿ, ತಾಯಿ, ಸೊಸೆ ಇರುತ್ತಾರೆ. ಆಪರೇಷನ್ ಆದವಳೇ ಮನೆಯ ಅಡುಗೆಯವಳೂ ಆಗಿದ್ದರೆ? ಆದ್ದರಿಂದ ಶಸ್ತ್ರಚಿಕಿತ್ಸೆಯ ದಿನ ಗೊತ್ತಾದ ಕೂಡಲೇ ಮಾಡಬೇಕಾದ ಮೊದಲ ಕೆಲಸ ಮನೆಯನ್ನು ಸಿದ್ಧಗೊಳಿಸುವುದು.

ಒಳಗೆ ಏನಾಗಿರುತ್ತದೆ?

ಸ್ಲೀವ್ ಗ್ಯಾಸ್ಟ್ರೆಕ್ಟಮಿ ಎಂಬ ವಿಧಾನದಲ್ಲಿ ಜಠರದ ಮುಕ್ಕಾಲು ಭಾಗಕ್ಕಿಂತಲೂ ಹೆಚ್ಚನ್ನು ಕತ್ತರಿಸಿ ತೆಗೆಯುತ್ತಾರೆ. ಉಳಿಯುವುದು ಬಾಳೆಹಣ್ಣಿನ ಆಕಾರದ ಒಂದು ಕೊಳವೆ. ಅದರಲ್ಲಿ ಹಿಡಿಸುವುದು ಸುಮಾರು 100ರಿಂದ 150 ಮಿಲಿಲೀಟರ್, ಅಂದರೆ ಒಂದು ಚಹಾ ಲೋಟದಷ್ಟು. ಗ್ಯಾಸ್ಟ್ರಿಕ್ ಬೈಪಾಸ್‌ನಲ್ಲಿ ಸುಮಾರು 30 ಮಿಲಿಲೀಟರಿನ ಸಣ್ಣ ಚೀಲವನ್ನು ಮಾಡಿ ಅದನ್ನು ಸಣ್ಣ ಕರುಳಿನ ಮುಂದಿನ ಭಾಗಕ್ಕೆ ಜೋಡಿಸುತ್ತಾರೆ. ಎರಡನ್ನೂ ಹೆಚ್ಚಾಗಿ ಲ್ಯಾಪ್ರೋಸ್ಕೋಪಿ ಮೂಲಕ, ಹೊಟ್ಟೆಯ ಮೇಲೆ ನಾಲ್ಕೈದು ಸಣ್ಣ ರಂಧ್ರಗಳನ್ನು ಮಾಡಿ ನಡೆಸಲಾಗುತ್ತದೆ.

ಹೊರಗೆ ಕಾಣುವುದು ಅಂಗುಲದಷ್ಟೂ ಇಲ್ಲದ ಗಾಯಗಳು. "ಇಷ್ಟೇನಾ?" ಎಂದು ಮನೆಯವರಿಗೆ ಅನಿಸುವುದು ಸಹಜ. ಆದರೆ ಒಳಗೆ ಜಠರದ ಉದ್ದಕ್ಕೂ ಹೊಲಿಗೆ ಇರುತ್ತದೆ. ಅದು ಗಟ್ಟಿಯಾಗಲು ವಾರಗಳೇ ಬೇಕು. ಈ ಮಾತನ್ನು ಪತಿಗೆ, ಅತ್ತೆಗೆ, ದೊಡ್ಡ ಮಕ್ಕಳಿಗೆ ಮೊದಲೇ ತಿಳಿಸಿರಿ. ಸಾಧ್ಯವಾದರೆ ವೈದ್ಯರ ಬಳಿಗೆ ಹೋಗುವಾಗ ಅವರಲ್ಲಿ ಒಬ್ಬರನ್ನು ಜೊತೆಗೆ ಕರೆದೊಯ್ಯಿರಿ.

ಅಡುಗೆಮನೆಯ ಹೊಣೆ ಯಾರಿಗೆ?

ಕನಿಷ್ಠ ಎರಡು ವಾರಗಳ ಕಾಲ ಒಲೆಯ ಮುಂದೆ ನಿಲ್ಲುವ ಹೊಣೆ ಬೇರೊಬ್ಬರದಾಗಲಿ. ತಾಯಿಯೋ ಸಹೋದರಿಯೋ ಬರುವುದಾದರೆ ದಿನಗಳನ್ನು ಮೊದಲೇ ನಿಶ್ಚಯಿಸಿಕೊಳ್ಳಿ. ಯಾರೂ ಇಲ್ಲದಿದ್ದರೆ ಪತಿ ಮತ್ತು ಮಕ್ಕಳು ಅನ್ನ, ಸಾರು, ಮೊಟ್ಟೆ ಬೇಯಿಸುವಷ್ಟನ್ನಾದರೂ ಆಪರೇಷನ್‌ಗೆ ಮುಂಚೆಯೇ ಕಲಿತುಕೊಳ್ಳಲಿ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಮೊದಲ ವಾರಗಳಲ್ಲಿ ಬಿರಿಯಾನಿಯ, ಹುರಿದ ಮೀನಿನ ವಾಸನೆಗೇ ಹೊಟ್ಟೆ ತೊಳಸುವವರಿದ್ದಾರೆ. ಅಂಥ ಅಡುಗೆಯನ್ನು ಕೆಲವು ದಿನ ಮುಂದೂಡಿದರೆ ಯಾರಿಗೂ ನಷ್ಟವಿಲ್ಲ.

ಸುಮಾರು ಆರು ವಾರ ಭಾರ ಎತ್ತಬಾರದು. ಐದು ಕಿಲೋಗಿಂತ ಹೆಚ್ಚಿನ ತೂಕ ಬೇಡ ಎಂಬುದು ಸಾಮಾನ್ಯ ಸಲಹೆ. ನೀರಿನ ಕೊಡ, ಗ್ಯಾಸ್ ಸಿಲಿಂಡರ್, ಒದ್ದೆ ಬಟ್ಟೆಯ ಬಕೆಟ್, ಗ್ರೈಂಡರಿನ ಕಲ್ಲು ಎಲ್ಲವೂ ಇದರಲ್ಲಿ ಬಂತು. ಎತ್ತಿಕೋ ಎಂದು ಹಠ ಮಾಡುವ ಪುಟ್ಟ ಮಗುವನ್ನು ಕುಳಿತಲ್ಲಿಗೇ ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಮೊದಲೇ ತಂದಿಡಬೇಕಾದವು

* ತಲೆ ಎತ್ತರಕ್ಕೆ ಇಟ್ಟು ಮಲಗಲು ಎರಡು ಮೂರು ದಿಂಬುಗಳು. ನೆಲದ ಹಾಸಿಗೆಗಿಂತ ಮಂಚವೇ ಒಳ್ಳೆಯದು.
* ಕೈ ಆಸರೆ ಇರುವ ಗಟ್ಟಿ ಕುರ್ಚಿ. ಸ್ನಾನಕ್ಕೆ ಒಂದು ಸ್ಟೂಲ್. ಸಾಧ್ಯವಿದ್ದರೆ ಪಾಶ್ಚಾತ್ಯ ಶೈಲಿಯ ಶೌಚಾಲಯದ ವ್ಯವಸ್ಥೆ.
* ಹೊಟ್ಟೆಯ ಮೇಲೆ ಬಿಗಿಯದ ಸಡಿಲ ಉಡುಪು.
* ಗುರುತು ಹಾಕಿದ ನೀರಿನ ಬಾಟಲಿ, 30 ಮಿಲಿಲೀಟರಿನ ಸಣ್ಣ ಅಳತೆ ಲೋಟ, ಪುಟ್ಟ ಚಮಚ.
* ಮಿಕ್ಸಿ, ಸೋಸುವ ಜರಡಿ, ವೈದ್ಯರು ಹೇಳಿದ ಪ್ರೊಟೀನ್ ಪುಡಿ.
* ಥರ್ಮಾಮೀಟರ್. ಸಕ್ಕರೆ ಕಾಯಿಲೆ ಇದ್ದರೆ ಗ್ಲುಕೋಮೀಟರ್.

ಅನೇಕ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗೆ ಮುಂಚಿನ ಎರಡು ವಾರ ಮಿತ ಆಹಾರದ ಪಥ್ಯ ಕೊಡುತ್ತಾರೆ. ಅದು ತೂಕ ಇಳಿಸುವುದಕ್ಕೆಂದಲ್ಲ. ಕೊಬ್ಬು ತುಂಬಿ ಊದಿದ ಯಕೃತ್ತು ಜಠರದ ಮೇಲೆ ಒರಗಿರುತ್ತದೆ. ಅದು ಕುಗ್ಗಿದರೆ ಆಪರೇಷನ್ ಸುರಕ್ಷಿತವಾಗುತ್ತದೆ. "ಇನ್ನು ತಿನ್ನಲಾಗದಲ್ಲ" ಎಂದು ಆ ದಿನಗಳಲ್ಲಿ ಔತಣ ಮಾಡುವುದು ತೀರಾ ಅಪಾಯಕಾರಿ. ಹೊಗೆಸೊಪ್ಪು ಹಾಕಿ ಎಲೆ ಅಡಿಕೆ ತಿನ್ನುವ ಅಭ್ಯಾಸವಿದ್ದರೆ ಅದನ್ನೂ ಬಿಡಬೇಕು. ತಂಬಾಕು ಗಾಯ ಮಾಯುವುದನ್ನು ತಡೆಯುತ್ತದೆ.

ಗುಟುಕು ಗುಟುಕಾಗಿ

ಆಹಾರ ಮೆಟ್ಟಿಲೇರಿದಂತೆ ಮುಂದುವರಿಯುತ್ತದೆ. ನಿಮ್ಮ ಆಸ್ಪತ್ರೆ ಕೊಟ್ಟ ಪಟ್ಟಿಯೇ ಅಂತಿಮ. ಸಾಮಾನ್ಯ ಕ್ರಮ ಹೀಗಿರುತ್ತದೆ: ಮೊದಲ ಒಂದೆರಡು ದಿನ ನೀರು ಮತ್ತು ತಿಳಿಸಾರು. ಬಳಿಕ ಸುಮಾರು ಎರಡು ವಾರದವರೆಗೆ ಕೆನೆ ತೆಗೆದ ಹಾಲು, ಮಜ್ಜಿಗೆ, ಸೋಸಿದ ಕೋಳಿ ಸೂಪ್, ಹೆಸರುಬೇಳೆ ಕಟ್ಟು. ಮೂರನೆಯ ವಾರದಿಂದ ನುಣ್ಣಗೆ ಅರೆದ ಬೇಳೆ, ಮೊಟ್ಟೆ, ಮೀನು. ಐದನೆಯ ವಾರದ ಹೊತ್ತಿಗೆ ಮೆತ್ತನೆಯ ಆಹಾರ. ಆಮೇಲೆ ನಿಧಾನವಾಗಿ ಮನೆಯವರ ಊಟ.

ಗಂಜಿ ನಮ್ಮಲ್ಲಿ ರೋಗಿಯ ಆಹಾರವೆಂದೇ ಪ್ರಸಿದ್ಧ. ಆದರೆ ಈ ರೋಗಿಗೆ ಗಂಜಿಯೊಂದೇ ಸಾಲದು, ಅದರಲ್ಲಿ ಪ್ರೊಟೀನ್ ತೀರಾ ಕಡಿಮೆ. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೊಟೀನ್ ಸೇರಬೇಕೆನ್ನುತ್ತಾರೆ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ಒಂದು ಲೋಟ ಹಾಲಿನಲ್ಲಿ 6ರಿಂದ 7 ಗ್ರಾಂ, ಬೇಯಿಸಿದ 100 ಗ್ರಾಂ ಮೀನಿನಲ್ಲಿ ಸುಮಾರು 20 ಗ್ರಾಂ ಇರುತ್ತದೆ. ಆರಂಭದಲ್ಲಿ ಅಷ್ಟನ್ನು ತಿನ್ನಲಾಗದ್ದರಿಂದಲೇ ಪ್ರೊಟೀನ್ ಪುಡಿ ಕೊಡುವುದು.

ಮೊದಲ ವಾರಗಳಲ್ಲಿ ಮತ್ತೆ ಆಸ್ಪತ್ರೆ ಸೇರುವವರಲ್ಲಿ ಅನೇಕರದು ನೀರಿನ ಕೊರತೆ. ದಿನಕ್ಕೆ ಒಂದೂವರೆ ಲೀಟರ್ ದ್ರವ ಸೇರಬೇಕು, ಆದರೆ ಒಮ್ಮೆಗೆ ಒಂದು ಗುಟುಕು ಮಾತ್ರ. ಬಾಟಲಿ ಸದಾ ಕೈಗೆಟುಕುವಲ್ಲಿರಲಿ. ಗಟ್ಟಿ ಆಹಾರ ಆರಂಭವಾದ ಮೇಲೆ ಊಟದ ಜೊತೆ ನೀರು ಬೇಡ, ಅರ್ಧ ಗಂಟೆ ಬಿಟ್ಟು ಕುಡಿಯಿರಿ. ಸೋಡಾ, ಕೋಲಾಗಳನ್ನು ದೂರವಿಡಿ.

ಔಷಧಿಗಳಲ್ಲಿ ಎಚ್ಚರ

ಸಕ್ಕರೆ ಕಾಯಿಲೆಯವರಲ್ಲಿ ಆಪರೇಷನ್ ಆದ ಕೆಲವೇ ದಿನಗಳಲ್ಲಿ ಸಕ್ಕರೆಯ ಮಟ್ಟ ಇಳಿಯಬಹುದು. ಹಳೆಯ ಪ್ರಮಾಣದಲ್ಲೇ ಮಾತ್ರೆ, ಇನ್ಸುಲಿನ್ ಮುಂದುವರಿಸಿದರೆ ಪ್ರಜ್ಞೆ ತಪ್ಪುವ ಅಪಾಯವಿದೆ. ಮನೆಗೆ ಹೊರಡುವ ಮುನ್ನವೇ ಹೊಸ ಪ್ರಮಾಣವನ್ನು ಬರೆಸಿಕೊಳ್ಳಿ. ತಲೆನೋವು, ಮೈಕೈ ನೋವಿಗೆ ಅಂಗಡಿಯಿಂದ ಐಬುಪ್ರೊಫೇನ್, ಡೈಕ್ಲೊಫೆನಾಕ್ ತಂದು ನುಂಗಬೇಡಿ, ಜಠರದಲ್ಲಿ ಹುಣ್ಣಾಗಬಹುದು. ವಿಟಮಿನ್, ಬಿ12, ಕಬ್ಬಿಣ, ಕ್ಯಾಲ್ಸಿಯಂ ಜೀವನಪರ್ಯಂತ ಬೇಕಾಗುತ್ತವೆ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳ ನಡುವೆ ಎರಡು ಗಂಟೆ ಅಂತರವಿರಲಿ. ಕಬ್ಬಿಣದ ಮಾತ್ರೆಯನ್ನು ಚಹಾದ ಜೊತೆ ಸೇವಿಸಬೇಡಿ. ಜಿಲೆಟಿನ್ ಕ್ಯಾಪ್ಸೂಲಿನ ಬಗ್ಗೆ ಸಂಶಯವಿರುವವರು ಔಷಧಿ ಬಿಡುವ ಬದಲು, ಅದೇ ಔಷಧಿ ಬೇರೆ ರೂಪದಲ್ಲಿ ಸಿಗುವುದೇ ಎಂದು ವೈದ್ಯರಲ್ಲಿ ಕೇಳಲಿ.

ನೋಡಲು ಬರುವವರು

ರೋಗಿಯನ್ನು ಸಂದರ್ಶಿಸುವುದು ಪುಣ್ಯದ ಕೆಲಸ. ಆದರೆ ಸಂದರ್ಶಕರಿಗೆ ಚಹಾ ಮಾಡಲು ರೋಗಿಯೇ ಏಳುವಂತಾಗಬಾರದು. ಪ್ರೀತಿಯಿಂದ ತಂದ ಹಲ್ವಾ, ತುಪ್ಪದನ್ನವನ್ನು "ಒಂದೇ ತುತ್ತು" ಎಂದು ಒತ್ತಾಯಿಸುವುದು ಬೇಡ. ಆ ಒಂದು ತುತ್ತು ವಾಂತಿಗೂ ಸಹಿಸಲಾರದ ನೋವಿಗೂ ಕಾರಣವಾದೀತು. ಬೈಪಾಸ್ ಆದವರಲ್ಲಿ ಸಿಹಿ ತಿಂದೊಡನೆ ಬೆವರು, ಎದೆಬಡಿತ, ತಲೆಸುತ್ತು, ಭೇದಿಯೂ ಬರಬಹುದು. "ಬಾಯಿ ಕಟ್ಟಿದ್ದರೆ ಸಾಕಿತ್ತು, ಹೊಟ್ಟೆ ಕೊಯ್ಯಿಸಿಕೊಳ್ಳಬೇಕಿತ್ತೇ?" ಎಂಬ ಮಾತು ಗಾಯಕ್ಕಿಂತ ಹೆಚ್ಚು ನೋಯಿಸುತ್ತದೆ. ಅಂಥ ಮಾತಿಗೆ ಉತ್ತರಿಸುವ ಹೊಣೆಯನ್ನು ಪತಿ ವಹಿಸಿಕೊಳ್ಳಲಿ.

ನಮಾಝ್ ಮತ್ತು ಉಪವಾಸ

ಬಗ್ಗಿದಾಗ ನೋವಾಗುತ್ತಿದ್ದರೆ ಕುರ್ಚಿಯಲ್ಲಿ ಕುಳಿತು ನಮಾಝ್ ಮಾಡುವ ರಿಯಾಯಿತಿ ಇದೆ. ಮೊದಲ ವರ್ಷದ ರಮಝಾನ್ ಉಪವಾಸ ಬೇಡವೆಂದೇ ಹೆಚ್ಚಿನ ಶಸ್ತ್ರವೈದ್ಯರು ಹೇಳುತ್ತಾರೆ. ಒಂದೂವರೆ ಲೀಟರ್ ನೀರನ್ನು ಗುಟುಕಾಗಿ ಕುಡಿಯಲು ಇಡೀ ಹಗಲು ಬೇಕಾಗುತ್ತದೆ. ಅದನ್ನು ಇಫ್ತಾರ್ ಮತ್ತು ಸಹ್ರಿಯ ನಡುವೆ ಕುಡಿದು ಮುಗಿಸಲು ಪುಟ್ಟ ಜಠರಕ್ಕೆ ಸಾಧ್ಯವಿಲ್ಲ. ರೋಗಿಗಳಿಗೆ ಕುರ್‌ಆನ್ ನೀಡಿರುವ ವಿನಾಯಿತಿಯನ್ನು ಸಂಕೋಚವಿಲ್ಲದೆ ಪಡೆಯಿರಿ.

ತಡ ಮಾಡಬಾರದ ಲಕ್ಷಣಗಳು

ಈ ಪಟ್ಟಿಯನ್ನು ಆಸ್ಪತ್ರೆಯ ಫೋನ್ ನಂಬರಿನೊಂದಿಗೆ ಗೋಡೆಗೆ ಅಂಟಿಸಿರಿ.

* 101 ಡಿಗ್ರಿಗಿಂತ ಹೆಚ್ಚಿನ ಜ್ವರ, ಕುಳಿತಿದ್ದರೂ 120 ದಾಟುವ ನಾಡಿಬಡಿತ
* ಹೆಚ್ಚುತ್ತಲೇ ಹೋಗುವ ಹೊಟ್ಟೆನೋವು ಅಥವಾ ಎಡ ಭುಜದ ನೋವು
* ಉಸಿರಾಟದ ತೊಂದರೆ, ಎದೆನೋವು, ಒಂದು ಕಾಲಿನ ಮೀನಖಂಡದಲ್ಲಿ ಬಾವು ಮತ್ತು ನೋವು
* ನೀರೂ ನಿಲ್ಲದ ವಾಂತಿ, ಮೂತ್ರ ಕಡಿಮೆಯಾಗುವುದು, ಕಪ್ಪು ಮಲ
* ದೃಷ್ಟಿ ಎರಡಾಗಿ ಕಾಣುವುದು, ನಡೆಯುವಾಗ ತೂರಾಡುವುದು. ಎಡೆಬಿಡದ ವಾಂತಿಯಿಂದ ವಿಟಮಿನ್ ಬಿ1 ಬರಿದಾದಾಗ ಹೀಗಾಗುತ್ತದೆ. ತಡವಾದರೆ ಶಾಶ್ವತ ಹಾನಿಯಾಗಬಹುದು.

ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಿರಲು ಎಚ್ಚರವಿರುವಾಗ ಗಂಟೆಗೊಮ್ಮೆ ಎದ್ದು ಮನೆಯೊಳಗೆ ಐದು ನಿಮಿಷ ನಡೆಯಿರಿ. ವಿಶ್ರಾಂತಿ ಎಂದರೆ ದಿನವಿಡೀ ಮಲಗಿರುವುದಲ್ಲ.

ಮುಂದಿನ ತಿಂಗಳುಗಳಲ್ಲಿ

ಮೂರನೆಯ ತಿಂಗಳ ಹೊತ್ತಿಗೆ ಕೂದಲು ಉದುರಬಹುದು. ಪ್ರೊಟೀನ್ ಮತ್ತು ಕಬ್ಬಿಣ ಸರಿಯಾಗಿ ಸಿಕ್ಕಿದರೆ ಸಾಮಾನ್ಯವಾಗಿ ಮತ್ತೆ ಬೆಳೆಯುತ್ತದೆ. ತೂಕ ಇಳಿದಂತೆ ಮುಟ್ಟು ಕ್ರಮಕ್ಕೆ ಬಂದು, ವರ್ಷಗಳಿಂದ ಮಕ್ಕಳಾಗದವರಿಗೂ ಬೇಗನೆ ಗರ್ಭ ನಿಲ್ಲಬಹುದು. ಆದರೆ 12ರಿಂದ 18 ತಿಂಗಳು ಕಾಯುವುದು ತಾಯಿಗೂ ಮಗುವಿಗೂ ಕ್ಷೇಮ. ಬೈಪಾಸ್ ಆದವರ ದೇಹ ನುಂಗುವ ಗರ್ಭನಿರೋಧಕ ಮಾತ್ರೆಯನ್ನು ಸರಿಯಾಗಿ ಹೀರಿಕೊಳ್ಳದಿರಬಹುದು. ಆದ್ದರಿಂದ ದಂಪತಿಗಳು ಈ ವಿಷಯವನ್ನು ಮೊದಲೇ ವೈದ್ಯರೊಂದಿಗೆ ಮಾತನಾಡಿಕೊಳ್ಳಲಿ.

ಸಹೋದರಿಯರೇ, ಎಲ್ಲರ ಕಾಯಿಲೆಯಲ್ಲೂ ನಿದ್ದೆಗೆಟ್ಟವರು ನೀವು. ಆರು ವಾರ ಮನೆಯವರಿಂದ ಸೇವೆ ಪಡೆಯುವುದಕ್ಕೆ ಹಿಂಜರಿಯಬೇಡಿ. ಏನು ಬೇಕೆಂಬುದನ್ನು ಬಾಯಿಬಿಟ್ಟು ಹೇಳಿ, ಆಸ್ಪತ್ರೆಗೆ ಹೊರಡುವ ಮುನ್ನವೇ ಹೇಳಿ.