ಸಾಕುವಾಗ ಯಾರೂ ಅಲ್ಲ, ಮುಪ್ಪಿನಲ್ಲಿ ಅಪ್ಪ

ಸರ್ಕಾರ ಅನುದಾನ ಕೊಡದಿದ್ದರೆ ಪತ್ರಿಕೆಗಳ ತಲೆಬರಹ 'ಮಲತಾಯಿ ಧೋರಣೆ'. ಆದರೆ ಬೇರೆಯವರು ಹೆತ್ತ ಮಕ್ಕಳನ್ನು ಹೊಟ್ಟೆಬಟ್ಟೆ ಕಟ್ಟಿ ಸಾಕಿದ ಚಿಕ್ಕಮ್ಮಂದಿರು ಬಿಳಿಕೆರೆ ಹೋಬಳಿಯಲ್ಲಿ ಸುದ್ದಿಗೆ ತಿರುಗುವಾಗ ನಮಗೆ ಎಷ್ಟೋ ಮಂದಿ ಸಿಗುತ್ತಾರೆ. ನಮ್ಮ ಕಡೆ ಕೂಡಾವಳಿಯೂ ಹೊಸದಲ್ಲ. ತಾಯಿ ಮಗುವಿನೊಂದಿಗೆ ಇನ್ನೊಂದು ಮನೆ ಸೇರುತ್ತಾಳೆ. ಮಗುವನ್ನು ಶಾಲೆಗೆ ಬಿಡುವವನು, ಜ್ವರ ಬಂದರೆ ಆಸ್ಪತ್ರೆಗೆ ಹೊತ್ತೊಯ್ಯುವವನು ಹೊಸ ಗಂಡನೇ. ಸಹಿ ಹಾಕುವಾಗ ಮಾತ್ರ 'ನೀವು ಮಗುವಿಗೆ ಏನಾಗಬೇಕು?' ಎಂಬ ಪ್ರಶ್ನೆ ಬರುತ್ತದೆ.

ಕಾನೂನಿನ ಉತ್ತರ: ಏನೂ ಆಗಬೇಕಿಲ್ಲ. 1956ರ ಹಿಂದೂ ಅಪ್ರಾಪ್ತ ವಯಸ್ಕರ ಪಾಲಕತ್ವ ಕಾಯ್ದೆಯ 6ನೇ ಕಲಮು, ತಂದೆ ತಾಯಿ ಎಂಬ ಪದಗಳಲ್ಲಿ ಮಲತಂದೆ, ಮಲತಾಯಿ ಸೇರುವುದಿಲ್ಲ ಎಂದು ಬಿಡಿಸಿ ಹೇಳಿದೆ. ಈಗ 2007ರ ಹಿರಿಯ ನಾಗರಿಕರ ಪೋಷಣೆ ಕಾಯ್ದೆ ನೋಡಿ. ಅಲ್ಲಿ 'ಪೋಷಕರು' ಎಂದರೆ ಮಲತಂದೆ, ಮಲತಾಯಿಯೂ ಸೇರಿದ್ದಾರೆ. ಮುಪ್ಪಿನಲ್ಲಿ ಅನ್ನ ಕೇಳಿ ಹುಣಸೂರಿನ ಉಪವಿಭಾಗಾಧಿಕಾರಿ ಮುಂದೆ ಅರ್ಜಿ ಹಾಕುವಾಗ ಅಪ್ಪನಾಗುವವನು, ಮಗುವಿಗೆ ಅನ್ನ ಹಾಕುವಾಗ ಯಾರೂ ಅಲ್ಲ. ಇದು ಯಾವ ನ್ಯಾಯ?

ಹಾಗೆಂದು ಮದುವೆಯಾದ ಕೂಡಲೇ ಮಲತಂದೆಗೆ ಪೂರ್ತಿ ಅಧಿಕಾರ ಕೊಡಿ ಎಂದು ನಾವು ಕೇಳುವುದಿಲ್ಲ. ಸತ್ತ ತಂದೆಯ ಎರಡೆಕರೆ ಮಗುವಿನ ಹೆಸರಿನಲ್ಲಿದ್ದರೆ ಅದರ ಮೇಲೆ ಕಣ್ಣಿಡುವವರೂ ಇದ್ದಾರೆ. ಆ ಎಚ್ಚರ ಬೇಕು. ಆದರೆ ಇಂಗ್ಲೆಂಡಿನಲ್ಲಿ 2005ರ ಕೊನೆಯಿಂದ, ಹೆತ್ತವರು ಬರಹದಲ್ಲಿ ಒಪ್ಪಿದರೆ ಅಥವಾ ನ್ಯಾಯಾಲಯ ಆದೇಶಿಸಿದರೆ, ಮಲತಂದೆ ಮಲತಾಯಿಗೂ ಮಗುವಿನ ಜವಾಬ್ದಾರಿ ಸಿಗುತ್ತದೆ. ಶಾಲೆ, ಆಸ್ಪತ್ರೆಯ ಮಟ್ಟಿಗಾದರೂ ಅಂಥದೊಂದು ಒಪ್ಪಂದ ಇಲ್ಲೂ ಬರಬೇಕು. ಮಗುವಿನ ಆಸ್ತಿ ಅದರ ಹೊರಗಿರಲಿ.

ಅಲ್ಲಿಯವರೆಗೆ ಇರುವ ದಾರಿಗಳನ್ನಾದರೂ ಬಳಸಿಕೊಳ್ಳಬೇಕು. ಮೊದಲನೆಯದು ದತ್ತು. 2022ರ ಸೆಪ್ಟೆಂಬರ್‌ನಿಂದ ದತ್ತು ಆದೇಶ ಕೊಡುವವರು ಜಿಲ್ಲಾಧಿಕಾರಿ. ಮಲತಂದೆ, ಮಲತಾಯಿಯೂ ಅರ್ಜಿ ಹಾಕಬಹುದು. ಹೆತ್ತ ತಂದೆಯೋ ತಾಯಿಯೋ ಬದುಕಿದ್ದರೆ ಅವರ ಒಪ್ಪಿಗೆ ಬೇಕು. ಮಗುವಿಗೆ ಐದು ತುಂಬಿದ್ದರೆ ಅದರ ಒಪ್ಪಿಗೆಯೂ ಬೇಕು. ದತ್ತು ಕೊಟ್ಟರೆ ಅಪ್ಪನ ಹಿಸ್ಸೆ ಹೋಗುತ್ತದೆ ಎಂಬ ಭಯ ಹಲವರಿಗಿದೆ. ಆಗಲೇ ಮಗುವಿಗೆ ಸೇರಿರುವ ಆಸ್ತಿ ಮಗುವಿನದಾಗಿಯೇ ಉಳಿಯುತ್ತದೆ.

ಎರಡನೆಯದು 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆ. ಇದು ಎಲ್ಲ ಧರ್ಮದವರಿಗೂ ಅನ್ವಯಿಸುತ್ತದೆ. ಹೆತ್ತವರಲ್ಲಿ ಒಬ್ಬರು ಬದುಕಿದ್ದು ಯೋಗ್ಯರೂ ಆಗಿದ್ದರೆ ನ್ಯಾಯಾಲಯ ಮಗುವಿಗೆ ಬೇರೆ ಪಾಲಕರನ್ನು ನೇಮಿಸುವುದಿಲ್ಲ. ತಾಯಿಯೂ ತೀರಿಕೊಂಡರೆ ಮಲತಂದೆ ಅರ್ಜಿ ಹಾಕಬಹುದು. ಆಗ ಅಜ್ಜ, ದೊಡ್ಡಪ್ಪಂದಿರೂ ಹಕ್ಕು ಕೇಳಿ ಬರಬಹುದು. ತೀರಿಹೋದ ತಾಯಿಯ ಇಚ್ಛೆಯನ್ನೂ, ತಿಳಿವಳಿಕೆ ಬಂದಿದ್ದರೆ ಮಗುವಿನ ಮಾತನ್ನೂ ನ್ಯಾಯಾಲಯ ಕೇಳುತ್ತದೆ. ಆದ್ದರಿಂದ ತಾಯಿ ತನ್ನ ಇಚ್ಛೆಯನ್ನು ಬದುಕಿರುವಾಗಲೇ ಬರೆದಿಡಬೇಕು.

ಮೂರನೆಯದು ಉಯಿಲು. ಮಲತಂದೆ ಉಯಿಲು ಬರೆಯದೆ ತೀರಿಕೊಂಡರೆ, ದತ್ತು ಆಗದ ಮಗುವಿಗೆ ಹಿಂದೂ ಉತ್ತರಾಧಿಕಾರ ಕಾಯ್ದೆಯಡಿ ಮಗನ ಪಾಲು, ಮಗಳ ಪಾಲು ಸಿಗುವುದಿಲ್ಲ. ಸ್ವಂತ ದುಡಿಮೆಯ ಆಸ್ತಿಯನ್ನಾದರೂ ಇಬ್ಬರು ಸಾಕ್ಷಿಗಳ ಮುಂದೆ ಬರೆದಿಡಬಹುದು. ನೋಂದಣಿ ಕಡ್ಡಾಯವಲ್ಲ.

ಮಗುವಿನ ದಾಖಲೆಯಲ್ಲಿ ಹೊಸ ಗಂಡನನ್ನು 'ಮಲತಂದೆ' ಎಂದೇ ನಮೂದಿಸಬೇಕೆಂಬ ಆಂಧ್ರ ಹೈಕೋರ್ಟಿನ ನಿರ್ದೇಶನವನ್ನು ಸುಪ್ರೀಂ ಕೋರ್ಟ್ 2022ರ ಜುಲೈನಲ್ಲಿ ತಳ್ಳಿಹಾಕಿತು. ಅದು ಮಗುವಿನ ಮನಸ್ಸಿಗೆ ಕ್ರೂರವಾದೀತು ಎಂದಿತು. ತಂದೆ ಇಲ್ಲದ ಆ ಮಗುವಿನ ಉಪನಾಮ ಯಾವುದಿರಬೇಕು ಎಂಬುದನ್ನು ತಾಯಿಯೇ ತೀರ್ಮಾನಿಸಬಹುದು ಎಂದೂ ಹೇಳಿತು.

ವಕೀಲರ ಫೀಸಿಗೆ ಹೆದರಬೇಕಿಲ್ಲ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟಿದ್ದರೂ ನೆರವು ಉಚಿತ. ಕೂಡಾವಳಿಗೆ ಊರಿನ ಹಿರಿಯರು ಕೂರುತ್ತಾರಲ್ಲ, ಮಗುವಿನ ಕಾಗದದ ಮಾತನ್ನೂ ಅಲ್ಲೇ ಎತ್ತಲಿ.