ನಮಗೆ ಬೇಕಿರುವುದು ಮತ್ತೊಂದು ಸ್ವದೇಶಿ ಆ್ಯಪ್ ಅಲ್ಲ

2025ರ ಸೆಪ್ಟೆಂಬರ್ ಕೊನೆಯಲ್ಲಿ ಕೇಂದ್ರ ಸಚಿವರು ಒಬ್ಬರ ಹಿಂದೊಬ್ಬರು ಜೊಹೊ ಕಂಪನಿಯ ತಂತ್ರಾಂಶಗಳನ್ನು ಬಳಸುವಂತೆ ಜನರಿಗೆ ಕರೆ ಕೊಟ್ಟರು. ಆ ಕಂಪನಿಯ ‘ಅರಟ್ಟೈ’ ಚಾಟ್ ಆ್ಯಪ್ ಕೆಲವೇ ದಿನಗಳಲ್ಲಿ ಡೌನ್‌ಲೋಡ್ ಪಟ್ಟಿಯ ತುದಿಗೇರಿತು. ವಾಟ್ಸ್‌ಆ್ಯಪ್ ಬಿಡಿ, ನಮ್ಮದಕ್ಕೆ ಬನ್ನಿ ಎಂಬ ಸಂದೇಶ ಮನೆಮಂದಿಯ ಗ್ರೂಪುಗಳಿಗೂ ಬಂತು. ಆ ಉತ್ಸಾಹದ ಹಿಂದಿನ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ಪ್ರೋಗ್ರಾಮಿಂಗ್ ಕಸುಬಿನಿಂದ ಬದುಕುವ ನನಗೆ ಈ ಇಡೀ ಚರ್ಚೆ ಹಳಿ ತಪ್ಪಿದೆ ಅನ್ನಿಸುತ್ತದೆ. ಆ್ಯಪ್ ಯಾವ ದೇಶದ್ದು ಎಂದಷ್ಟೇ ಕೇಳುತ್ತಿದ್ದೇವೆ. ನಾಳೆ ಬೇಡವೆನ್ನಿಸಿದರೆ ಅದರಿಂದ ಹೊರಬರಲು ದಾರಿ ಇದೆಯೇ, ಹೊರಬಂದ ಮೇಲೂ ಅಲ್ಲೇ ಉಳಿದ ನೆಂಟರಿಷ್ಟರ ಜೊತೆ ಮಾತಾಡಬಹುದೇ, ಒಳಗೆ ಏನು ನಡೆಯುತ್ತಿದೆ ಎಂದು ಕೋಡ್ ತೆರೆದು ನೋಡಬಹುದೇ ಎಂದು ಕೇಳುವವರು ಕಡಿಮೆ.

ಕೇಳದೇ ಹೋದರೆ ಏನಾಗುತ್ತದೆ ಎಂಬುದಕ್ಕೆ ಕನ್ನಡಿಗರು ದೂರ ಹುಡುಕಬೇಕಿಲ್ಲ. ‘ಕೂ’ ಬೆಂಗಳೂರಿನಲ್ಲಿ ಹುಟ್ಟಿದ ಜಾಲತಾಣ. ಅಪ್ರಮೇಯ ರಾಧಾಕೃಷ್ಣ ಮತ್ತು ಮಯಾಂಕ್ ಬಿದವತ್ಕ ಅದನ್ನು ಕಟ್ಟಿದಾಗ ಮೊದಲು ಆರಿಸಿಕೊಂಡ ಭಾಷೆಯೇ ಕನ್ನಡ. 2020ರಲ್ಲಿ ಅದಕ್ಕೆ ಕೇಂದ್ರ ಸರ್ಕಾರದ ಆತ್ಮನಿರ್ಭರ ಆ್ಯಪ್ ಸ್ಪರ್ಧೆಯಲ್ಲಿ ಬಹುಮಾನ ಸಿಕ್ಕಿತು. ರೈತ ಚಳವಳಿಯ ಹೊತ್ತಿನಲ್ಲಿ ಸರ್ಕಾರಕ್ಕೂ ಟ್ವಿಟರ್‌ಗೂ ಜಟಾಪಟಿ ನಡೆದಾಗ, 2021ರ ಫೆಬ್ರವರಿಯಲ್ಲಿ, ಸಚಿವರು ಇಲಾಖೆಗಳ ಸಮೇತ ಅಲ್ಲಿಗೆ ಬಂದರು. ಇಂಗ್ಲಿಷ್ ಹಂಗಿಲ್ಲದೆ ನಾಲ್ಕು ಸಾಲು ಬರೆಯಬೇಕೆಂದಿದ್ದ ಎಷ್ಟೋ ಜನ ಅಲ್ಲಿ ಬರೆದರು, ಬಳಗ ಕಟ್ಟಿಕೊಂಡರು. 2024ರ ಜುಲೈ 3ರಂದು ಸ್ಥಾಪಕರು ಅಂಗಡಿ ಮುಚ್ಚುತ್ತಿರುವುದಾಗಿ ಪ್ರಕಟಿಸಿದರು. ದೊಡ್ಡ ಕಂಪನಿಗಳ ಜೊತೆ ನಡೆಸಿದ ಮಾತುಕತೆ ಕೈಗೂಡಿರಲಿಲ್ಲ.

ಅವರ ಶ್ರಮವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಅಷ್ಟು ಭಾರತೀಯ ಭಾಷೆಗಳಲ್ಲಿ ಅಂಥದ್ದೊಂದನ್ನು ನಡೆಸುವುದು ಸುಲಭದ ಮಾತಲ್ಲ. ಆದರೆ ಅವರ ವಿದಾಯದ ಟಿಪ್ಪಣಿಯಲ್ಲಿ ಒಂದು ಮಾತಿತ್ತು: ತಾವು ಕಟ್ಟಿದ್ದನ್ನು ಎಲ್ಲರೂ ಬಳಸಬಹುದಾದ ಸಾರ್ವಜನಿಕ ಡಿಜಿಟಲ್ ಸ್ವತ್ತಾಗಿಸುವ ಬಗ್ಗೆಯೂ ಪರಿಶೀಲಿಸುತ್ತೇವೆ ಎಂದು. ಅದನ್ನು ಓದಿ ನನಗೆ ಬೇಸರವೂ ಆಯಿತು, ಸಿಟ್ಟೂ ಬಂತು. ಆ ಯೋಚನೆ ‘ಕೂ’ ಹುಟ್ಟಿದ ದಿನವೇ ಬರಬೇಕಿತ್ತು. ಸರ್ಕಾರವೇ ಬಹುಮಾನ ಕೊಟ್ಟು, ಸಚಿವರೇ ಪ್ರಚಾರ ಮಾಡಿದ ಜಾಲತಾಣಕ್ಕೆ ‘ಕೋಡ್ ತೆರೆದಿಡಿ, ಬೇರೆ ಜಾಲಗಳ ಜೊತೆ ಮಾತಾಡುವಂತೆ ಕಟ್ಟಿ’ ಎಂಬ ಎರಡು ಷರತ್ತು ಹಾಕಿದ್ದರೆ ಸಾಕಿತ್ತು. ಕಂಪನಿ ಸೋತರೂ ಜನರು ಕಟ್ಟಿಕೊಂಡ ಬಳಗ ಬೇರೊಂದು ಸರ್ವರ್‌ನಲ್ಲಿ ಉಳಿಯುತ್ತಿತ್ತು.

ಅಂಥ ಜಾಲ ಕಲ್ಪನೆಯ ಮಾತಲ್ಲ. ಜರ್ಮನಿಯ ಯೂಗೆನ್ ರೋಚ್ಕೊ ಎಂಬ ಯುವಕ 2016ರಲ್ಲಿ ಶುರುಮಾಡಿದ ಮ್ಯಾಸ್ಟೊಡಾನ್ ಈ ಬಗೆಯದು. ಅದರ ಬೆನ್ನೆಲುಬು ಆಕ್ಟಿವಿಟಿಪಬ್ ಎಂಬ ಪ್ರೋಟೊಕಾಲ್, ಅಂದರೆ ಸರ್ವರ್‌ಗಳು ಪರಸ್ಪರ ಮಾತಾಡುವ ನಿಯಮಾವಳಿ. ವೆಬ್‌ನ ಮಾನದಂಡಗಳನ್ನು ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆ 2018ರ ಜನವರಿಯಲ್ಲಿ ಅದಕ್ಕೆ ಅಧಿಕೃತ ಮುದ್ರೆ ಒತ್ತಿತು. ಕೆಲಸ ನಡೆಯುವ ಬಗೆ ಸರಳ. ಧಾರವಾಡದ ಒಂದು ಕಾಲೇಜು ತನ್ನದೇ ಸರ್ವರ್ ಇಟ್ಟುಕೊಂಡಿದೆ, ಅಲ್ಲಿ ಒಬ್ಬ ವಿದ್ಯಾರ್ಥಿನಿಯ ಖಾತೆ ಇದೆ ಎಂದುಕೊಳ್ಳಿ. ಆಕೆಯ ವಿಳಾಸ ಇಮೇಲ್ ವಿಳಾಸದಂತೆಯೇ ಇರುತ್ತದೆ, ಹೆಸರು ಒಂದು ಕಡೆ, ಸರ್ವರ್ ಹೆಸರು ಇನ್ನೊಂದು ಕಡೆ. ಆಕೆ ಒಂದು ಸಾಲು ಬರೆದು ಗುಂಡಿ ಒತ್ತಿದ ಕೂಡಲೇ ಧಾರವಾಡದ ಸರ್ವರ್ ಆಕೆಯ ಫಾಲೋವರ್‌ಗಳು ಯಾವ ಯಾವ ಸರ್ವರ್‌ನಲ್ಲಿದ್ದಾರೆ ಎಂದು ನೋಡುತ್ತದೆ. ಬರ್ಲಿನ್‌ನಲ್ಲಿ ಒಬ್ಬರು, ಕಾಸರಗೋಡಿನಲ್ಲಿ ಇಬ್ಬರು. ಆ ಸಾಲಿಗೆ ತನ್ನ ಡಿಜಿಟಲ್ ಸಹಿ ಹಾಕಿ ಆಯಾ ಸರ್ವರ್‌ನ ಇನ್‌ಬಾಕ್ಸಿಗೆ ತಲುಪಿಸುತ್ತದೆ. ಅಲ್ಲಿನ ಸರ್ವರ್ ಸಹಿ ಸರಿಯಿದೆಯೇ ಎಂದು ಪರೀಕ್ಷಿಸಿ ಓದುಗರಿಗೆ ತೋರಿಸುತ್ತದೆ. ಅಷ್ಟೇ. ನಡುವೆ ಕೂತು ಯಾವುದನ್ನು ಮೇಲಕ್ಕೆತ್ತಬೇಕು, ಯಾವುದನ್ನು ಹೂತುಹಾಕಬೇಕು ಎಂದು ತೀರ್ಮಾನಿಸುವ ಒಬ್ಬ ಯಜಮಾನ ಇಲ್ಲ.

ನಾಳೆ ಆಕೆಗೆ ಕಾಲೇಜಿನ ಸರ್ವರ್ ಬೇಡವೆನ್ನಿಸಿದರೆ ಬೇರೆ ಕಡೆ ಖಾತೆ ತೆರೆದು ಫಾಲೋವರ್‌ಗಳನ್ನು ಜೊತೆಗೆ ಕರೆದೊಯ್ಯಬಹುದು. ಹಳೆಯ ಪೋಸ್ಟ್‌ಗಳು ಮಾತ್ರ ಹಿಂದೆಯೇ ಉಳಿಯುತ್ತವೆ. ಇದು ಮ್ಯಾಸ್ಟೊಡಾನ್‌ನ ದೊಡ್ಡ ಕೊರತೆ, ಮುಚ್ಚಿಡುವಂಥದ್ದಲ್ಲ. ಟ್ವಿಟರ್ ಒಳಗೇ ಮೊಳೆತು ಆಮೇಲೆ ಸ್ವತಂತ್ರವಾದ ಬ್ಲೂಸ್ಕೈ ತನ್ನ ಬೇರೆಯದೇ ಪ್ರೋಟೊಕಾಲ್‌ನಲ್ಲಿ ಈ ಕೊರತೆ ನೀಗಿಸಲು ಹೊರಟಿದೆ. ಆದರೆ ಅದರ ಬಳಕೆದಾರರಲ್ಲಿ ಬಹುಪಾಲು ಜನ ಇನ್ನೂ ಒಂದೇ ಕಂಪನಿಯ ಸರ್ವರ್‌ಗಳಲ್ಲಿದ್ದಾರೆ. ಎರಡೂ ಪೂರ್ತಿ ಪಕ್ವವಾಗಿಲ್ಲ. ಆದರೂ ಎರಡರ ಕೋಡನ್ನೂ ಯಾರು ಬೇಕಾದರೂ ಓದಬಹುದು, ತಿದ್ದಬಹುದು.

ನಮ್ಮದೇ ಆದ ಒಂದು ಅನುಭವ ಇಲ್ಲಿ ನೆನಪಿಗೆ ಬರಬೇಕು. ನುಡಿ ತಂತ್ರಾಂಶದ ಹಳೆಯ ಕಡತವೊಂದನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದವರಿಗೆ ಅದು ಗೊತ್ತು. ‘ಕನ್ನಡ’ ಎಂದು ಟೈಪ್ ಮಾಡಿದ್ದ ಜಾಗದಲ್ಲಿ ಇಂಗ್ಲಿಷಿನ ‘ಪಿ’, ಪಕ್ಕದಲ್ಲಿ ತಲೆಯ ಮೇಲೆ ಗೀಟಿರುವ ‘ಎ’, ನಡುವೆ ಬ್ರಿಟಿಷ್ ಪೌಂಡಿನ ಚಿಹ್ನೆ. ಬರಹ, ನುಡಿ, ಶ್ರೀಲಿಪಿ ಎಲ್ಲವನ್ನೂ ಮಾಡಿದವರು ಈ ದೇಶದವರೇ. ಮಾಡಿದವರ ಕನ್ನಡ ಪ್ರೀತಿಯಲ್ಲಿ ಲವಲೇಶ ಸಂಶಯವಿಲ್ಲ. ಆದರೂ ನುಡಿಯ ಅಕ್ಷರ ಸಂಕೇತ ಶ್ರೀಲಿಪಿಗೆ ಅರ್ಥವಾಗುತ್ತಿರಲಿಲ್ಲ. ಸರ್ಕಾರಿ ಆದೇಶ, ಪುಸ್ತಕ, ಪತ್ರಿಕೆಗಳ ವರ್ಷಗಟ್ಟಲೆಯ ಸರಕು ಹುಡುಕಲು ಬಾರದ ರಾಶಿಯಾಗಿ ಬಿತ್ತು. ಆ ಗೋಳು ತಪ್ಪಿದ್ದು ಇಡೀ ಜಗತ್ತು ಒಪ್ಪಿದ ಯುನಿಕೋಡ್ ಎಂಬ ತೆರೆದ ಮಾನದಂಡ ಬಂದ ಮೇಲೆ, ಮತ್ತು ಸಂಬಳವಿಲ್ಲದೆ ಪರಿವರ್ತಕಗಳನ್ನು ಬರೆದು ಕೋಡ್ ಹಂಚಿದ ಸ್ವಯಂಸೇವಕರಿಂದ. ಇಂದು ನೀವು ಫೋನಿನಲ್ಲಿ ಕನ್ನಡದಲ್ಲಿ ಹುಡುಕಿದರೆ ಕನ್ನಡ ಸಿಗುತ್ತಿರುವುದು ಆ ಕೆಲಸದ ಫಲ.

ಸ್ವದೇಶಿ ವಾದದ ಹಿಂದೆ ನಿಜವಾದ ಭಯವೊಂದಿದೆ. 2025ರ ಜುಲೈನಲ್ಲಿ ಐರೋಪ್ಯ ಒಕ್ಕೂಟದ ನಿರ್ಬಂಧದ ಕಾರಣಕ್ಕೆ ನಯಾರಾ ಎನರ್ಜಿ ಕಂಪನಿಯ ಇಮೇಲ್ ಮತ್ತಿತರ ಸೇವೆಗಳನ್ನು ಮೈಕ್ರೊಸಾಫ್ಟ್ ನಿಲ್ಲಿಸಿತು. ಭಾರತದ ನೆಲದಲ್ಲಿ ತೈಲ ಸಂಸ್ಕರಣಾಗಾರ ನಡೆಸುವ ಸಂಸ್ಥೆ ದೆಹಲಿ ಹೈಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು, ಆಮೇಲೆ ಸೇವೆ ಮರಳಿತು. ಹೊರದೇಶದ ಯಾರೋ ಒಂದು ಸ್ವಿಚ್ ಒತ್ತಿದರೆ ನಮ್ಮ ಕೆಲಸ ನಿಲ್ಲುತ್ತದೆ ಎಂದು ಇದನ್ನು ತೋರಿಸಿ ಹೇಳುವವರ ಮಾತು ಸರಿ. ಆದರೆ ಅವರು ಸೂಚಿಸುವ ಪರಿಹಾರ ಆ ಸ್ವಿಚ್ಚನ್ನು ಬೇರೆಯವರ ಕೈಗೆ ದಾಟಿಸುತ್ತದೆಯೇ ಹೊರತು ತೆಗೆದುಹಾಕುವುದಿಲ್ಲ. ಕೋಡ್ ತೆರೆದಿದ್ದು, ನಮ್ಮ ಸರ್ವರ್‌ನಲ್ಲೇ ನಡೆಯುತ್ತಿದ್ದರೆ ಮಾತ್ರ ಯಾರೂ ಅದನ್ನು ಕಿತ್ತುಕೊಳ್ಳಲಾರರು.

2025ರ ಸೆಪ್ಟೆಂಬರ್ 24ರಂದು ಕರ್ನಾಟಕ ಹೈಕೋರ್ಟ್ ಎಕ್ಸ್ (ಹಿಂದಿನ ಟ್ವಿಟರ್) ಕಂಪನಿಯ ಅರ್ಜಿಯನ್ನು ವಜಾ ಮಾಡಿತು. ಪೋಸ್ಟ್‌ಗಳನ್ನು ತೆಗೆಯುವಂತೆ ಅಧಿಕಾರಿಗಳು ನೋಟಿಸ್ ಕಳಿಸಲು ಬಳಸುವ ‘ಸಹಯೋಗ್’ ಪೋರ್ಟಲ್ ವಿರುದ್ಧದ ಅರ್ಜಿ ಅದು. ತೀರ್ಪಿನ ಸರಿತಪ್ಪನ್ನು ಕಾನೂನು ಬಲ್ಲವರು ಚರ್ಚಿಸಲಿ. ನನ್ನನ್ನು ಕಾಡುವುದು ಬೇರೆ ಸಂಗತಿ. ಕೋಟ್ಯಂತರ ಜನರ ಮಾತು ಬೆರಳೆಣಿಕೆಯ ಕಂಪನಿಗಳ ಮೂಲಕವೇ ಹಾಯಬೇಕಾದಾಗ, ಆ ಮಾತಿನ ಭವಿಷ್ಯ ಕಂಪನಿಗೂ ಸರ್ಕಾರಕ್ಕೂ ನಡುವಿನ ವ್ಯಾಜ್ಯವಾಗಿಬಿಡುತ್ತದೆ. ಮಾತಾಡಿದವರಿಗೆ ಅದರಲ್ಲಿ ದನಿಯೇ ಇರುವುದಿಲ್ಲ. ಕಂಪನಿ ಅಮೆರಿಕದ್ದಾದರೂ ಅಷ್ಟೇ, ಜೊಹೊದಂತೆ ಚೆನ್ನೈಯದ್ದಾದರೂ ಅಷ್ಟೇ.

ಮ್ಯಾಸ್ಟೊಡಾನ್‌ನಂಥ ವಿಕೇಂದ್ರಿತ ಜಾಲದಲ್ಲಿ ಜನರೇ ಇಲ್ಲವಲ್ಲ ಎಂಬುದು ನಾನು ಹೆಚ್ಚು ಕೇಳುವ ಆಕ್ಷೇಪ. ಹೌದು. 2019ರಲ್ಲಿ ಸುಪ್ರೀಂ ಕೋರ್ಟಿನ ಹಿರಿಯ ವಕೀಲ ಸಂಜಯ್ ಹೆಗ್ಡೆ ಅವರ ಟ್ವಿಟರ್ ಖಾತೆ ಅಮಾನತಾದಾಗ ಸಾವಿರಾರು ಭಾರತೀಯರು ಮ್ಯಾಸ್ಟೊಡಾನ್‌ಗೆ ಬಂದರು, ಬಹುತೇಕರು ಕೆಲವೇ ವಾರಗಳಲ್ಲಿ ಮರಳಿದರು. ಮ್ಯಾಸ್ಟೊಡಾನ್ ಕಷ್ಟ ಎಂದು ಕೆಲವರು ಹೇಳಿದರು. ಸೇರುವ ಮೊದಲೇ ಸರ್ವರ್ ಆರಿಸಿಕೊಳ್ಳಿ ಎಂದರೆ ಹೊಸಬರಿಗೆ ಗೊಂದಲವಾಗುವುದು ಸಹಜ, ಆ ದೂರು ನ್ಯಾಯವಾದದ್ದು. ಮುಖ್ಯ ಕಾರಣ ಮಾತ್ರ ಬೇರೆ: ಅವರ ಬಳಗ ಟ್ವಿಟರ್‌ನಲ್ಲೇ ಉಳಿದಿತ್ತು, ಇಲ್ಲಿಂದ ಅಲ್ಲಿಗೆ ಮಾತಾಡಲು ಟ್ವಿಟರ್ ಬಿಡುತ್ತಿರಲಿಲ್ಲ.

ಈ ಗೋಡೆ ಒಡೆಯುವುದು ಸರ್ಕಾರಕ್ಕೆ ಗೊತ್ತಿಲ್ಲದ ವಿದ್ಯೆಯಲ್ಲ. 2011ರ ಜನವರಿಯಲ್ಲಿ ದೇಶದಾದ್ಯಂತ ಮೊಬೈಲ್ ನಂಬರ್ ಪೋರ್ಟಬಿಲಿಟಿ ಜಾರಿಗೆ ಬಂತು. ಅದಕ್ಕೂ ಮೊದಲು ಕಂಪನಿ ಬದಲಿಸಿದರೆ ನಂಬರ್ ಹೋಗುತ್ತಿತ್ತು, ಆ ಹೆದರಿಕೆಗೇ ಜನ ಕೆಟ್ಟ ಸೇವೆಯನ್ನು ಸಹಿಸಿಕೊಂಡಿದ್ದರು. 2016ರಲ್ಲಿ ಯುಪಿಐ ಬಂತು. ಇಂದು ಫೋನ್‌ಪೆಯಲ್ಲಿರುವವರು ಗೂಗಲ್ ಪೇಯಲ್ಲಿರುವ ತರಕಾರಿ ಅಂಗಡಿಯವರಿಗೆ ಹಣ ಕಳಿಸುತ್ತಾರೆ, ಯಾರ ಬ್ಯಾಂಕ್ ಯಾವುದೆಂದು ಇಬ್ಬರೂ ಕೇಳುವುದಿಲ್ಲ. ಹಣಕ್ಕೆ ಸಾಧ್ಯವಾದದ್ದು ಮಾತಿಗೆ ಯಾಕೆ ಸಾಧ್ಯವಿಲ್ಲ? ಐರೋಪ್ಯ ಒಕ್ಕೂಟ ತನ್ನ ಡಿಜಿಟಲ್ ಮಾರುಕಟ್ಟೆ ಕಾಯ್ದೆಯಲ್ಲಿ ವಾಟ್ಸ್‌ಆ್ಯಪ್‌ನಂಥ ದೊಡ್ಡ ಸೇವೆಗಳು ಬೇರೆ ಚಾಟ್ ಆ್ಯಪ್‌ಗಳಿಗೆ ಬಾಗಿಲು ತೆರೆಯಲೇಬೇಕು ಎಂದು ವಿಧಿಸಿದೆ. ನಮ್ಮಲ್ಲಿ 2024ರ ಮಾರ್ಚ್‌ನಲ್ಲಿ ಡಿಜಿಟಲ್ ಸ್ಪರ್ಧಾ ಮಸೂದೆಯ ಕರಡು ಹೊರಬಂದು ಅಲ್ಲಿಗೇ ನಿಂತಿತು. ಜೊಹೊದ ಶ್ರೀಧರ್ ವೆಂಬು ಅವರೇ ಅರಟ್ಟೈ ಜನಪ್ರಿಯವಾದ ದಿನಗಳಲ್ಲಿ, ಚಾಟ್ ವ್ಯವಸ್ಥೆಗಳು ಯುಪಿಐ ಮತ್ತು ಇಮೇಲ್‌ನಂತೆ ಪರಸ್ಪರ ಬೆರೆಯುವಂತಿರಬೇಕು, ಪ್ರೋಟೊಕಾಲ್ ಪ್ರಕಟಿಸುವ ಬಗ್ಗೆ ಮಾತುಕತೆ ಶುರುವಾಗಿದೆ ಎಂದು ಬರೆದಿದ್ದರು. ಕಂಪನಿ ಕಟ್ಟಿದವರೊಬ್ಬರು ಹೀಗೆ ಹೇಳಿದ್ದು ಸಣ್ಣ ಸಂಗತಿಯಲ್ಲ. ಆ ಮಾತನ್ನು ಕಾನೂನಾಗಿಸಿ ಎಂದು ಕೇಳಬೇಕಾದ ಸಚಿವರು ಆ್ಯಪ್ ಡೌನ್‌ಲೋಡ್ ಮಾಡಿ ಎಂದು ಹೇಳಿ ಸುಮ್ಮನಾದರು.

ಕಾನೂನೇ ಬೇಕು ಎಂದು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಕಂಪನಿಯ ಒಳ್ಳೆಯತನ ನಂಬಿ ಕೆಟ್ಟ ಇತಿಹಾಸ ನಮ್ಮ ಕಸುಬಿನಲ್ಲಿದೆ. ಗೂಗಲ್ ಟಾಕ್ 2005ರಲ್ಲಿ ಬಂದದ್ದು ಎಕ್ಸ್‌ಎಂಪಿಪಿ ಎಂಬ ತೆರೆದ ಪ್ರೋಟೊಕಾಲ್ ಮೇಲೆ. ಮರುವರ್ಷ ಬೇರೆ ಸರ್ವರ್‌ಗಳ ಜೊತೆಗೂ ಮಾತು ಶುರುವಾಯಿತು, ಮುಕ್ತ ತಂತ್ರಾಂಶದವರು ಸಂಭ್ರಮಿಸಿದರು. ಬಳಕೆದಾರರೆಲ್ಲ ತನ್ನಲ್ಲಿ ಜಮೆಯಾದ ಮೇಲೆ, 2013ರಲ್ಲಿ ಹ್ಯಾಂಗೌಟ್ಸ್ ತಂದು ಗೂಗಲ್ ಆ ಬಾಗಿಲನ್ನು ಮುಚ್ಚಿಕೊಳ್ಳತೊಡಗಿತು. ಹೊರಗಿನ ಸಣ್ಣ ಸರ್ವರ್‌ಗಳವರ ಗೆಳೆಯರು ಕಣ್ಮರೆಯಾದರು. 2023ರಲ್ಲಿ ಮೆಟಾ ತನ್ನ ಥ್ರೆಡ್ಸ್ ಕೂಡ ಆಕ್ಟಿವಿಟಿಪಬ್ ಜೊತೆ ಬೆಸೆಯುತ್ತದೆ ಎಂದಾಗ ಅನೇಕ ಮ್ಯಾಸ್ಟೊಡಾನ್ ಸರ್ವರ್‌ಗಳು ಅದನ್ನು ಮೊದಲೇ ನಿರ್ಬಂಧಿಸಿದ್ದು ಸುಮ್ಮನೆ ಅಲ್ಲ.

ದ್ವೇಷ ಹರಡುವವರು ತಮ್ಮದೇ ಸರ್ವರ್ ಹಾಕಿಕೊಂಡರೆ ಎಂಬ ಪ್ರಶ್ನೆ ಗಂಭೀರವಾದದ್ದು. ಹಾಕಿಕೊಂಡಿದ್ದಾರೆ. ಅಮೆರಿಕದ ಗ್ಯಾಬ್ ಎಂಬ ಜಾಲತಾಣ 2019ರಲ್ಲಿ ಮ್ಯಾಸ್ಟೊಡಾನ್ ಕೋಡನ್ನೇ ಎತ್ತಿಕೊಂಡಿತು, ಲೈಸೆನ್ಸ್ ಪ್ರಕಾರ ತಡೆಯಲು ಆಗುತ್ತಿರಲಿಲ್ಲ. ಆದರೆ ಉಳಿದ ಸರ್ವರ್‌ಗಳು ಸಾಲುಸಾಲಾಗಿ ಅದಕ್ಕೆ ಬಾಗಿಲು ಹಾಕಿದವು. ಟ್ರಂಪ್ ಅವರ ಟ್ರೂತ್ ಸೋಷಿಯಲ್ 2021ರಲ್ಲಿ ಅದೇ ಕೋಡನ್ನು ತನ್ನದೆಂಬಂತೆ ಬಳಸಿದಾಗ ಲೈಸೆನ್ಸ್ ಷರತ್ತಿನ ನೋಟಿಸ್ ಹೋಯಿತು, ಅವರು ಕೋಡ್ ಬಹಿರಂಗಪಡಿಸಲೇಬೇಕಾಯಿತು. ಸರ್ವರ್ ನಡೆಸುವವರಿಗೂ ನೆಲದ ಕಾನೂನು ಅನ್ವಯಿಸುತ್ತದೆ. ಮಕ್ಕಳ ಮೇಲಿನ ದೌರ್ಜನ್ಯದ ಚಿತ್ರಗಳನ್ನು ಪತ್ತೆ ಮಾಡುವ ಸಾಧನ ಸಣ್ಣ ಸರ್ವರ್‌ಗಳಲ್ಲಿ ದುರ್ಬಲವಾಗಿದೆ ಎಂದು ಸ್ಟ್ಯಾನ್‌ಫರ್ಡ್ ಸಂಶೋಧಕರು 2023ರಲ್ಲೇ ತೋರಿಸಿದ್ದಾರೆ. ಅಲ್ಲಿ ದುಡ್ಡೂ ದುಡಿಮೆಯೂ ಸುರಿಯಬೇಕು.

ದುಡ್ಡಿನ ಮಾತು ಬಂದರೆ ನಮ್ಮ ಐಟಿ ಉದ್ಯಮ ಉತ್ತರ ಹೇಳಬೇಕು. 2024ರ ಮಾರ್ಚ್‌ನಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ಪ್ರೋಗ್ರಾಮರ್ ತನ್ನ ಲಾಗಿನ್ ಅರ್ಧ ಸೆಕೆಂಡು ತಡವಾಗುತ್ತಿರುವುದನ್ನು ಗಮನಿಸಿ ಬೆನ್ನತ್ತಿದಾಗ, ಲಿನಕ್ಸ್ ಲೋಕದಲ್ಲೆಲ್ಲ ಬಳಕೆಯಲ್ಲಿರುವ ಎಕ್ಸ್‌ಝಡ್ ಎಂಬ ಪುಟ್ಟ ತಂತ್ರಾಂಶದಲ್ಲಿ ಯಾರೋ ಕಳ್ಳ ಬಾಗಿಲು ಕೂರಿಸಿದ್ದು ಪತ್ತೆಯಾಯಿತು. ವರ್ಷಗಟ್ಟಲೆ ಅದನ್ನು ಒಬ್ಬರೇ, ಸಂಬಳವಿಲ್ಲದೆ ನೋಡಿಕೊಂಡು ದಣಿದಿದ್ದರು. ಆ ದಣಿವನ್ನೇ ಬಳಸಿಕೊಂಡು ‘ನೆರವಿಗೆ’ ಬಂದವರು ಒಳನುಗ್ಗಿದ್ದರು. ಕೋಡ್ ತೆರೆದಿದ್ದರಿಂದ ಕಳ್ಳತನ ಸಿಕ್ಕಿತು, ಕಾಯುವವರಿಗೆ ಕೂಲಿ ಇಲ್ಲದ್ದರಿಂದ ಅದು ನಡೆಯಿತು. ಬೆಂಗಳೂರಿನ ಜೆರೋಧಾ ಅದೇ ವರ್ಷದ ಅಕ್ಟೋಬರ್‌ನಲ್ಲಿ ಮುಕ್ತ ತಂತ್ರಾಂಶಗಳಿಗೆಂದು ವರ್ಷಕ್ಕೆ 10 ಲಕ್ಷ ಡಾಲರ್ ತೆಗೆದಿಟ್ಟಿತು. ಇದೇ ಕೋಡಿನ ಮೇಲೆ ಸಾವಿರಾರು ಕೋಟಿ ವಹಿವಾಟು ನಡೆಸುವ ಉಳಿದ ಕಂಪನಿಗಳೂ ಇಂಥ ಹೆಜ್ಜೆ ಇಡಬೇಕು.

ಕೇಂದ್ರದ ಕಾನೂನು ಬರುವಾಗ ಬರಲಿ. ಕರ್ನಾಟಕ ಸರ್ಕಾರ ಕೂಡಲೇ ಮಾಡಬಹುದಾದ ಕೆಲಸವೊಂದಿದೆ. ಬೆಸ್ಕಾಂ, ಬೆಂಗಳೂರು ಸಂಚಾರ ಪೊಲೀಸ್, ಮಳೆ ನೆರೆಯ ಎಚ್ಚರಿಕೆ ಕೊಡುವ ವಿಪತ್ತು ನಿರ್ವಹಣೆಯವರು ಜನರಿಗೆ ತುರ್ತು ಸುದ್ದಿ ಮುಟ್ಟಿಸಲು ಎಕ್ಸ್ ಅನ್ನು ನೆಚ್ಚಿಕೊಂಡಿದ್ದಾರೆ. 2023ರ ಜೂನ್ 30ರಂದು ಆ ಕಂಪನಿ ಯಾರಿಗೂ ಹೇಳದೆ ಕೇಳದೆ ಲಾಗಿನ್ ಇಲ್ಲದವರಿಗೆ ಪೋಸ್ಟ್ ಕಾಣದಂತೆ ಮಾಡಿತು. ಆಮೇಲೆ ಒಂದಿಷ್ಟು ಸಡಿಲಿಸಿದರೂ, ಖಾತೆ ಇಲ್ಲದವರು ಒಂದು ಇಲಾಖೆಯ ಪುಟ ತೆರೆದರೆ ಹೊಸ ಪ್ರಕಟಣೆಗಳು ವರಸೆಯಾಗಿ ಕಾಣುವುದಿಲ್ಲ. ಯಾವುದೋ ಹಳೆಯ ಜನಪ್ರಿಯ ಪೋಸ್ಟ್ ಮೇಲೆ ಬಂದು ಕೂರುತ್ತದೆ. ಇವತ್ತು ಯಾವ ಬಡಾವಣೆಯಲ್ಲಿ ಕರೆಂಟು ಇರುವುದಿಲ್ಲ ಎಂದು ತಿಳಿಯಲು ತೆರಿಗೆ ಕಟ್ಟುವ ನಾಗರಿಕರು ವಿದೇಶಿ ಕಂಪನಿಗೆ ತಮ್ಮ ಫೋನ್ ನಂಬರನ್ನೋ ಇಮೇಲನ್ನೋ ಕೊಟ್ಟು ಖಾತೆ ತೆರೆಯಬೇಕೆ?

ಬೇರೆ ದಾರಿ ಇದೆ. ಜರ್ಮನಿಯಲ್ಲಿ ಕೇಂದ್ರ ಸರ್ಕಾರದ ಇಲಾಖೆಗಳಿಗೆಂದೇ ಮ್ಯಾಸ್ಟೊಡಾನ್ ಸರ್ವರ್ ನಡೆಯುತ್ತಿದೆ. ನೆದರ್ಲೆಂಡ್ಸ್ ಸರ್ಕಾರವೂ ಬಿಬಿಸಿಯೂ 2023ರಲ್ಲಿ ತಮ್ಮ ಸರ್ವರ್ ತೆರೆದವು. ರಾಜ್ಯ ಸರ್ಕಾರದ ಡೇಟಾ ಸೆಂಟರ್ ಇದೆ, ಇ-ಆಡಳಿತ ಇಲಾಖೆ ಇದೆ, ಸರ್ವರ್ ಕಟ್ಟಬಲ್ಲ ಹುಡುಗ ಹುಡುಗಿಯರು ಬೆಂಗಳೂರಿನ ಬೀದಿಬೀದಿಯಲ್ಲಿದ್ದಾರೆ. ಇಲಾಖೆಯ ಪ್ರಕಟಣೆ ಮೊದಲು ಸರ್ಕಾರದ ಸ್ವಂತ ಸರ್ವರ್‌ನಲ್ಲಿ, ಲಾಗಿನ್ ಕೇಳದೆ, ಕನ್ನಡದಲ್ಲಿ ಬರಬೇಕು, ಎಕ್ಸ್‌ಗೂ ಫೇಸ್‌ಬುಕ್‌ಗೂ ಅದರ ಪ್ರತಿ ಆಮೇಲೆ ಹೋಗಲಿ ಎಂಬ ಒಂದು ಸುತ್ತೋಲೆ ಸಾಕು. ಮ್ಯಾಸ್ಟೊಡಾನ್ ಕೋಡಿಗೆ ಲೈಸೆನ್ಸ್ ಶುಲ್ಕವಿಲ್ಲ. ಅದರಲ್ಲಿ ಕನ್ನಡಕ್ಕೆ ಬರಬೇಕಾದ ಸಾಲುಗಳು ಇನ್ನೂ ಬಹಳ ಬಾಕಿ ಇವೆ. ಅವನ್ನು ಅನುವಾದಿಸಿ ಮೂಲ ಯೋಜನೆಗೇ ಕಳಿಸುವ ಕೆಲಸವನ್ನು ಕನ್ನಡ ಅಭಿವೃದ್ಧಿ ಪ್ರಾಧಿಕಾರ ವಹಿಸಿಕೊಳ್ಳಬಹುದು.